ಕೆಸರು ಹಿಡಿದ ಬೋಟು

ಜಟೆಯಲ್ಲಿ ಗಂಗೆಯನ್ನು ತಡೆದರೂ ಲೋಕದ ದಾಹವನ್ನರಿತು ಮರಳಿ ಹರಿಯಬಿಟ್ಟ ಗಂಗಾಧರನ ಪಾದಗಳಿಗೆ ನಮಸ್ಕರಿಸಿ ಈ ಕಥೆ.

“ಹಗ್ಗ ಹಿಡ್ಕೊಳೇ ಅಂದ್ರೆ ಬೋಟನ್ನೇ ಮುಟ್ಬುಟ್ಟೆಯಲ್ಲೇ, ದರಿದ್ರ ಮುಂಡೆ,” ಎಂದು ಗಂಗರಾಜು ಗದರಿದ.

ಅಣೆಕಟ್ಟಿನ ಅಂಚಿನ ಕೆಸರುನೀರಿನಲ್ಲಿ ಮೊಣಕಾಲವರೆಗೆ ಹೂತಿದ್ದ ಆದೆಮ್ಮ ಕೈ ಹಿಂತೆಗೆದಳು. ಹೊಸ ಬೋಟಿನ ಗಂಗಾಪೂಜೆಗೆ ಬಂದಿದ್ದ ಪೂಜಾರಿ, ಅವಳು ನಿಂತಿದ್ದ ನೀರನ್ನೇ ಮೊಗೆದು, ಮಂತ್ರೋಚ್ಚಾರದೊಡನೆ, ಅವಳು ಮುಟ್ಟಿದ ಜಾಗವನ್ನು ಶುದ್ಧಗೊಳಿಸಿದರು.

ಅಣೆಕಟ್ಟು ಎದ್ದದ್ದು ಹೊಲಕ್ಕಾಗಿ, ಕರೆಂಟಿಗಾಗಿ. ಕರೆಂಟಿನ ತಂತಿ ಆದೆಮ್ಮನ ಕೇರಿಯ ನೆತ್ತಿಯ ಮೇಲೆ ಹಾದು ಹಿಂದೂಪುರದತ್ತ ಹೋಯಿತು. ಬೇಸಿಗೆಯಲ್ಲಿ ಅಳಿದುಳಿದ ನೀರು ತೂಬಿನತ್ತ ಸರಿಯತೊಡಗಿದಾಗ, ದಡದ ರೆಸಾರ್ಟಿನ ಒಡೆಯ ಗಂಗರಾಜು ಅಣೆಕಟ್ಟಿನೊಳಗೇ ಅಡ್ಡಲಾಗಿ ಮಣ್ಣಿನ ಕಟ್ಟೆ ಹಾಕಿಸಿದ. ಮಣ್ಣು ಹೊತ್ತವರು ಕೇರಿಯವರೇ. ನೀರು ಬೋಟಿಗಾಗಿ ನಿಂತಿತು. ಕಾಲುವೆಯ ಕೊನೆಯಲ್ಲಿದ್ದ ಅವರ ಹಿಪ್ಪುನೇರಳೆ ಬಾಡಿತು. ಆದೆಮ್ಮನ ತಟ್ಟೆಗಳಲ್ಲಿ ರೇಷ್ಮೆ ಹುಳುಗಳು ತಲೆಯೆತ್ತಿ ಸೊಪ್ಪಿಗಾಗಿ ತಡಕಾಡುತ್ತಿದ್ದವು.

“ಒಂದೇ ಒಂದ್ ಸಲ ನೀರ್ ಬಿಡಿ ಸಾಮಿ. ಗಿಡ ಹೋದ್ರೆ ಹುಳಾನೂ ಹೋಯ್ತವೆ,” ಎಂದು ಅವಳು ಬೇಡಿದಳು.

“ಹೋದ್ರೆ ನಂಗೇನೇ? ನಮ್ ಗೆಸ್ಟ್‌ಗಳು ಕಾಲ್ ತೊಳ್ಕಂಡ ಮ್ಯಾಲೆ ಬಂದು ಕುಡ್ಕಂಡ್ ಹೋಗೇ.”

ಬೋಟಿನಲ್ಲಿದ್ದ ಬೆಂಗಳೂರಿನ ಅತಿಥಿಗಳು ನಕ್ಕರು. ಪೂಜಾರಿಯೂ ನಕ್ಕರು. ಬೋಟು ಗಂಗರಾಜುವನ್ನೂ ಸೇರಿಸಿ ಅವರೆಲ್ಲರನ್ನೂ ಹೊತ್ತು ನೀರಿನ ನಡುವಿಗೆ ಸಾಗಿತು.

ಆದೆಮ್ಮ ಮನೆಗೆ ಹೋಗಿ ಸನಿಕೆ ತಂದು ಕಟ್ಟೆ ಹತ್ತಿದಳು. ತಾನು ಹೊತ್ತು ಹಾಕಿದ ಮಣ್ಣನ್ನು ತಾನೇ ಅಗೆಯತೊಡಗಿದಳು. ಅದನ್ನು ಕಂಡ ಕೇರಿಯ ಹೆಂಗಸರು ಏನನ್ನೂ ಕೇಳದೆ ತಮ್ಮ ಸನಿಕೆಗಳನ್ನು ಹಿಡಿದು ಬಂದರು. ಮೊದಲು ತೇವ ಜಿನುಗಿತು, ಆಮೇಲೆ ಕಟ್ಟೆ ಸೀಳಿತು. ತೆರೆದೇ ಇದ್ದ ತೂಬಿನತ್ತ ನೀರು ಗರ್ಜಿಸುತ್ತ ನುಗ್ಗಿತು.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಬೋಟು ಕೆಸರಿನ ನಡುವೆ ಓರೆಯಾಗಿ ಕುಳಿತಿತ್ತು. ಗಂಗರಾಜು ಒಂದು ಕಾಲಿಟ್ಟು ನೋಡಿದ. ತೊಡೆಯವರೆಗೆ ಹೂತು, ಕೂಗಿಕೊಂಡು ಮೇಲೆದ್ದ. ಆದೆಮ್ಮನ ವಂಶವನ್ನೆಲ್ಲ ಬೈದ. ಪೊಲೀಸರ ಹೆಸರೆತ್ತಿದ. ಬಾಯಿ ಒಣಗಿದ ಮೇಲೆ ದನಿ ಇಳಿಯಿತು.

“ಆದೆಮ್ಮಾ, ತಾಯೀ, ಹಲಗೆ ಹಾಕಿ ಒಂದ್ ಕೈ ಕೊಡಮ್ಮ.”

ಪೂಜಾರಿಯೂ ಕೈ ಮುಗಿದಿದ್ದರು.

ಆದೆಮ್ಮ ಒಡೆದ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಿದ್ದಳು.

“ಮುಟ್ಟಿದ್ರೆ ಮೈಲ್ಗೆ ಆಯ್ತದೆ ಸಾಮಿ,” ಎಂದಳು. “ನೀರಿದ್ದಿದ್ರೆ ತೊಳ್ಕಂಬೋದಿತ್ತು. ನೀರು ನಮ್ ಹೊಲಕ್ಕೆ ಹೋಯ್ತು ಕಣಪ್ಪ.”

ಇದನ್ನು ಕೇಳಿದವರೆಲ್ಲರ ಹೊಲದ ಕೊನೆಯ ಸಾಲಿಗೂ ನೀರು ಹರಿಯಲಿ; ಕೆಸರಿಗೆ ಬಿದ್ದ ದಿನ ಅವರಿಗೊಂದು ಕೈ ದೊರೆಯಲಿ.