ಹನ್ನೆರಡನೆಯ ಕಾರು

"ಅಯ್ಯೋ, ನನ್ನ ಕಾರನ್ನ ಹೂತೇಬಿಟ್ರಲ್ಲೇ!" ಎಂದು ಲುವಾನ್ ಶೌಲಿ ಮೂರನೆಯ ಮಹಡಿಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗಿಕೊಂಡ.

"ಮಗಳ ಮದುವೆ ದಿನ ಹೂಳೋದು ಸುಡೋದು ಮಾತಾಡ್ತೀರಲ್ಲ, ನಾಲಿಗೆಗೆ ಬೀಗ ಹಾಕ್ರಿ" ಎಂದಳು ಹೆಂಡತಿ ಯೂಮೆಯ್. ಆದರೆ ಅವಳೂ ಕಿಟಕಿಗೆ ಬಂದು ಇಣುಕಿ ಹಣೆ ಚಚ್ಚಿಕೊಂಡಳು.

ಕೆಳಗೆ ಅಂಗಳದಲ್ಲಿ ಗಂಡಿನ ಕಡೆಯ ಹನ್ನೊಂದು ಕಾರು ಬಂದು ನಿಂತಿದ್ದವು. ನಿಂತಿದ್ದವು ಎನ್ನುವುದಕ್ಕಿಂತ ಜಡಿದುಕೊಂಡಿದ್ದವು ಎನ್ನಬೇಕು. ಹಿಂದೆ ಮುಂದೆ ಒಂದೊಂದು ಮೊಳ ಜಾಗ, ಅಕ್ಕಪಕ್ಕ ಒಂದೊಂದು ಅಂಗೈ. ಕನ್ನಡಿಗಳೆಲ್ಲ ಕಿವಿ ಮಡಿಸಿಕೊಂಡಿದ್ದವು. ಬಾಗಿಲು ತೆರೆಯಲು ಜಾಗವೇ ಇಲ್ಲದ್ದರಿಂದ ಸೂಟು ತೊಟ್ಟ ಹುಡುಗರು ಹಿಂದಿನ ಡಿಕ್ಕಿಯಿಂದ ಒಬ್ಬೊಬ್ಬರಾಗಿ ನುಸುಳಿ ಈಚೆ ಬರುತ್ತಿದ್ದರು. ಇವೆಲ್ಲದರ ಆಚೆ, ಗೋಡೆಯ ಮೂಲೆಯಲ್ಲಿ, ಮೂತಿಗೆ ಕೆಂಪು ಹೂ ಕಟ್ಟಿಕೊಂಡ ಶೌಲಿಯ ಕರಿ ಕಾರು ಸಿಕ್ಕಿಬಿದ್ದಿತ್ತು.

ತಪ್ಪು ಹುಡುಗರದಲ್ಲ, ಕೈಯ ಅಭ್ಯಾಸದ್ದು. ಅಳಿಯನಾಗಲಿರುವ ಮೌ ಕ್ವಾನ್ ಮತ್ತು ಅವನ ಗೆಳೆಯರು ಚೀನಾದ ಯಾನ್‌ತಾಯ್ ಬಂದರಿನಲ್ಲಿ ಹೊಸ ಕಾರುಗಳನ್ನು ಹಡಗಿಗೆ ತುಂಬುವವರು. ದಿನವಿಡೀ ಅದೇ ಕೆಲಸ. ಮೂಲೆಯ ಕಾರಿನಿಂದ ಶುರು ಮಾಡಿ ಒಂದು ಬೆರಳಿನ ಜಾಗವನ್ನೂ ಪೋಲು ಮಾಡದೆ ಸಾಲು ಹಿಡಿಯಬೇಕು. ಇವತ್ತು ಅಂಗಳ ಹೊಕ್ಕ ಕೂಡಲೇ ಮೂಲೆಯಲ್ಲಿ ಒಂದು ಕಾರು ಕಂಡಿತು. ಕಂಡದ್ದೇ ತಡ, ತುಂಬಿಬಿಟ್ಟರು.

ಶೌಲಿಗೆ ಕರೆಂಟಿನಲ್ಲಿ ಓಡುವ ಈ ಸ್ವದೇಶಿ ಕಾರುಗಳೆಂದರೆ ಅಷ್ಟಕ್ಕಷ್ಟೆ. ಅವನು ಇಪ್ಪತ್ತೆಂಟು ವರ್ಷ ದುಡಿದದ್ದು ಪರದೇಶಿ ಹೆಸರಿನ ಕಾರಿನ ಕಾರ್ಖಾನೆಯಲ್ಲಿ. ಈಗ ಅಲ್ಲಿ ಮೂರು ಪಾಳಿಯಲ್ಲಿ ಒಂದೇ ಉಳಿದಿತ್ತು, ಅದರ ಸಿಟ್ಟೂ ಇತ್ತು. "ಫ್ರಿಜ್ಜು, ಟೀವಿ, ಸೋಫಾ ಸೇರಿಸಿ ನಾಲ್ಕು ಚಕ್ರ ಹಚ್ಚಿದ್ರೆ ಕಾರಾಗತ್ತೇನೋ?" ಎಂದು ಅಳಿಯನನ್ನು ಕೆಣಕುತ್ತಿದ್ದ. "ಬ್ರೆಜಿಲ್ಲೋರು ಮುಗಿಬಿದ್ದು ತಗೋತಾರೆ ಮಾವ" ಎಂದರೆ, "ಅಗ್ಗ ಅಂತ ತಗೋತಾರೆ, ಅವರ ಹಣೇಬರಹ" ಎನ್ನುತ್ತಿದ್ದ. ಮದುವೆಗೆ ಅವನು ಹಾಕಿದ ಷರತ್ತು ಒಂದೇ: ಮಗಳು ಹಾಯ್‌ಥಾಂಗ್ ಈ ಮನೆಯಿಂದ ಹೊರಡುವುದು ತನ್ನ ಕಾರಿನಲ್ಲಿ, ಅದೂ ಎಲ್ಲಕ್ಕಿಂತ ಮುಂದೆ. ಆರು ವರ್ಷ ಅವಳನ್ನು ಶಾಲೆಗೆ ಬಿಟ್ಟ ಕಾರು ಅದು. ಅದರ ಮೂರನೆಯ ಗೇರು ಹಟಮಾರಿ. ಇವತ್ತು ಅದನ್ನು ಓಡಿಸಲೆಂದೇ ಕ್ವಾನ್‌ನನ್ನು ನಾಲ್ಕು ಭಾನುವಾರ ಕೂರಿಸಿಕೊಂಡು ಕ್ಲಚ್ಚು ಕಲಿಸಿದ್ದ.

ಹೊರಡುವ ಶುಭಗಳಿಗೆಗೆ ಇನ್ನು ಇಪ್ಪತ್ತು ನಿಮಿಷವಿತ್ತು. ಶೌಲಿ ಮೆಟ್ಟಿಲು ಹಾರಿಕೊಂಡು ಕೆಳಗಿಳಿದ.

"ಹೆದರ್ಬೇಡಿ ಮಾವ" ಎಂದ ಗುಂಪಿನ ಮುಖಂಡ ಸುನ್. ಬಾಗಿಲಿನಷ್ಟು ಅಗಲದ ಆಳು. "ಮೂರು ಸಾವಿರ ಕಾರು ತುಂಬಿ ಇಳಿಸೋ ಕೈ ಇದು. ಹನ್ನೊಂದನ್ನೂ ಆರೇ ನಿಮಿಷದಲ್ಲಿ ಬೀದಿಗೆ ತಗೀತೀವಿ, ನಿಮ್ಮದನ್ನ ಮುಂದೆ ಬಿಟ್ಟು ಮತ್ತೆ ಸಾಲು ಕಟ್ತೀವಿ."

"ಮುಟ್ಟಿದ್ರೆ ನೋಡು!" ಎಂಬ ದನಿ ಮೇಲಿನಿಂದ ಬಂತು. ಶೌಲಿಯ ಅಕ್ಕ ಶೌಯಿಂಗ್ ಕಿಟಕಿಯಲ್ಲಿದ್ದಳು. ಶಾಸ್ತ್ರ ಸಂಪ್ರದಾಯದ ಮಟ್ಟಿಗೆ ಆ ಮನೆಯಲ್ಲಿ ಅವಳದ್ದೇ ಕೊನೆಯ ಮಾತು. "ಹೆಣ್ಣಿನ ಬಾಗಿಲಿಗೆ ಬಂದ ದಿಬ್ಬಣದ ಬಂಡಿ ಹೆಣ್ಣಿಲ್ದೆ ಆಚೆ ಹೋದ್ರೆ ಮದುವೆ ಮುರಿದ ಹಾಗೆ. ಒಂದು ಚಕ್ರಾನೂ ಗೇಟು ದಾಟಬಾರ್ದು!"

"ಮತ್ತೇನು ಮಾಡೋಣ ಅಕ್ಕಾ? ಹೆಲಿಕಾಪ್ಟರ್ ತರಿಸಲಾ?"

"ಗೇಟಿನ ಹತ್ರ ಯಾವುದಿದೆಯೋ ಅದರಲ್ಲಿ ಕೂರ್ಸು. ಅದು ಮುಂದೆ ಹೋಗ್ಲಿ, ಮಿಕ್ಕಿದ್ದು ಹಿಂದೆ."

ಎಲ್ಲರೂ ಗೇಟಿನ ಕಡೆ ತಿರುಗಿದರು. ಕೊನೆಯಲ್ಲಿ ಬಂದದ್ದು ಸುನ್‌ನ ಕಾರು. ದೊಡ್ಡ ಕಾರನ್ನು ಹೆಂಡತಿ ಕೊಂಡೊಯ್ದಿದ್ದಳೆಂದು ಅವನು ತರಕಾರಿ ತರುವ ಪುಟ್ಟ ಕಾರಿನಲ್ಲಿ ಬಂದಿದ್ದ. ಎರಡೇ ಬಾಗಿಲಿನ, ಎಳೆ ಹಸಿರು ಬಣ್ಣದ, ಮಾರುಕಟ್ಟೆಯಲ್ಲೇ ಅತಿ ಅಗ್ಗದ ಜಾತಿ. ಅದರ ಹಿಂದಿನ ಸೀಟಿನಲ್ಲಿ ಇನ್ನೂ ಎರಡು ಎಲೆಕೋಸು ಇದ್ದವು.

"ಇದಾ?" ಎಂದ ಶೌಲಿ. "ಇದು ಕಾರಲ್ಲ ಕಣೋ, ಅನ್ನ ಮಾಡೋ ಕುಕ್ಕರು! ನನ್ನ ಮಗಳು ಕುಕ್ಕರಲ್ಲಿ ಗಂಡನ ಮನೆಗೆ ಹೋಗ್ಬೇಕಾ?"

ಯಾರೂ ನಗಲಿಲ್ಲ. ಶೌಲಿಯ ಕಣ್ಣು ತುಂಬಿದ್ದು ಎಲ್ಲರಿಗೂ ಕಾಣುತ್ತಿತ್ತು. ಅಷ್ಟರಲ್ಲಿ ಕೆಂಪು ಜರಿಯ ಲಂಗವನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು ಹಾಯ್‌ಥಾಂಗ್ ಕೆಳಗೆ ಬಂದಿದ್ದಳು. ಹಿಂದೆಯೇ ಬೆವರಿ ನೀರಾಗಿದ್ದ ಕ್ವಾನ್.

"ಅಪ್ಪಾ, ನೀವು ಬೇಡ ಅಂದ್ರೆ ಕೂರಲ್ಲ" ಎಂದಳು. "ಗಳಿಗೆ ಮೀರಿದ್ರೂ ಪರವಾಗಿಲ್ಲ. ನಿಮ್ಮ ಕಾರು ಆಚೆ ಬರೋವರೆಗೂ ಇಲ್ಲೇ ನಿಂತಿರ್ತೀನಿ."

ಮೇಲೆ ಶೌಯಿಂಗ್ ಎದೆ ಬಡಿದುಕೊಂಡಳು. ಶೌಲಿ ತನ್ನ ಕರಿ ಕಾರನ್ನು ನೋಡಿದ, ಮಗಳನ್ನು ನೋಡಿದ. ಮಗಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು. ಅವನು ಮೂಗು ಒರೆಸಿಕೊಂಡು ಹಸಿರು ಕಾರಿಗೆ ಬಗ್ಗಿ ಎಲೆಕೋಸುಗಳನ್ನು ಎತ್ತಿ ಈಚೆ ತೆಗೆದ.

"ಕೂತ್ಕೋ. ಲಂಗ ಬಾಗಿಲಿಗೆ ಸಿಕ್ಕೀತು, ಜೋಪಾನ."

ಸುನ್ ಸ್ಟಿಯರಿಂಗಿಗೆ ಹೊಟ್ಟೆ ಆನಿಸಿ ಕೂತ. ಶಾಸ್ತ್ರದ ಪ್ರಕಾರ ಹೆಣ್ಣಿನ ಪಕ್ಕದಲ್ಲೇ ಇರಬೇಕಾದ ಕ್ವಾನ್ ಮೊಣಕಾಲನ್ನು ಗಲ್ಲಕ್ಕೆ ಒತ್ತಿಕೊಂಡು ಹಿಂದೆ ಮುದುಡಿದ. ಆಗ ಶೌಯಿಂಗಳ ಮತ್ತೊಂದು ಕೂಗು ಬಂತು.

"ಕರಿ ಕಾರು ಯಾರು ಹೊಡೀತಾರೆ? ಅದು ಬರ್ಲಿಲ್ಲ ಅಂದ್ರೆ ಹನ್ನೊಂದಾಗತ್ತೆ. ಬೆಸ ಸಂಖ್ಯೆ ಕೂಡದು!"

ಹುಡುಗರು ಮುಖ ಮುಖ ನೋಡಿಕೊಂಡರು. ಹಡಗಿಗೆ ಹೋಗುವ ಕಾರುಗಳಲ್ಲಿ ಅವರು ಕ್ಲಚ್ಚು ಕಂಡು ವರ್ಷಗಳಾಗಿದ್ದವು. "ಮೂರು ಪೆಡಲ್ಲಾ? ನಮಗೆ ಎರಡೇ ಕಾಲು ಮಾವ" ಎಂದ ಒಬ್ಬ.

"ನಾನು ಹೊಡೀಬಹುದು" ಎಂದ ಶೌಲಿ ಮೆಲ್ಲಗೆ. "ಆದ್ರೆ ಹೆಣ್ಣಿನ ಅಪ್ಪ ದಿಬ್ಬಣದ ಜೊತೆ ಹೋಗೋ ಹಾಗಿಲ್ವಲ್ಲ."

ಶೌಯಿಂಗ್ ಒಂದು ಕ್ಷಣ ಯೋಚಿಸಿದಳು. ಬೆಸ ಸಂಖ್ಯೆ ದೊಡ್ಡ ದೋಷವೋ, ಅಪ್ಪ ದೊಡ್ಡ ದೋಷವೋ? "ನೀನೀಗ ಅಪ್ಪ ಅಲ್ಲ, ಡ್ರೈವರು" ಎಂದು ತೀರ್ಪು ಕೊಟ್ಟಳು. "ಅವರ ಗೇಟಿನ ತನಕ ಹೋಗು. ಕೆಳಗಿಳೀಬೇಡ, ಅಳಬೇಡ. ವಾಪಸ್ ಬರುವಾಗ ಬೇರೆ ದಾರೀಲಿ ಬಾ."

ಹಸಿರು ಕಾರು ಸದ್ದಿಲ್ಲದೆ ಗೇಟು ದಾಟಿತು. ಡಿಕ್ಕಿಗಳಿಂದ ಒಳಗೆ ತೂರಿದ ಹುಡುಗರು ಒಬ್ಬರ ಹಿಂದೆ ಒಬ್ಬರು, ಎಲ್ಲೂ ಗೀರು ಬೀಳದಂತೆ, ಗಂಟು ಬಿಚ್ಚಿದ ಹಾಗೆ ಸರಾಗವಾಗಿ ಹೊರಟರು. ಅವರ ಕೈಚಳಕಕ್ಕೆ ಶೌಲಿಯ ಬಾಯಿಂದ ಒಂದು "ಭೇಷ್" ಬಂದೇಬಿಟ್ಟಿತು. ಕೊನೆಗೆ ಅವನು ತನ್ನ ಕಾರನ್ನು ಗೋಡೆಯಿಂದ ಬಿಡಿಸಿ, ತಿರುಗಿಸಿ, ಅವರ ಬೆನ್ನು ಹಿಡಿದ.

ಗೇಟಿನಲ್ಲಿ ಯೂಮೆಯ್ ತಪ್ಪಲೆ ಹಿಡಿದು ನಿಂತಿದ್ದಳು. ಮಗಳು ಹೊರಟ ಮೇಲೆ ದಿಬ್ಬಣದ ಹಿಂದೆ ನೀರು ಚೆಲ್ಲಬೇಕು, ಚೆಲ್ಲಿದ ನೀರಿನಂತೆ ಅವಳು ತಿರುಗಿ ಬಾರದಿರಲಿ ಎಂದು. ಆ ನೀರು ಇಡಿಯಾಗಿ ಗಂಡನ ಕಾರಿನ ಬೆನ್ನಿಗೆ ಬಿತ್ತು. "ಅಯ್ಯೋ, ನೀವು ಮಾತ್ರ ಊಟಕ್ಕೆ ಬಂದ್ಬಿಡ್ರಿ!" ಎಂದು ಅವಳು ಕೂಗಿದ್ದು ಅವನಿಗೆ ಕೇಳಿಸಿತು.

ಸಮುದ್ರದ ಪಕ್ಕದ ರಸ್ತೆ ಬಳಸಿ ತಿರುಗುವಲ್ಲಿ ಇಡೀ ಸಾಲು ಕಾಣಿಸಿತು. ಹತ್ತು ಬಿಳಿ ಕಾರುಗಳ ಮುಂದೆ ಆ ಹಸಿರು ಚುಕ್ಕೆ. ಅದರ ಕಿಟಕಿಯಿಂದ ಕೆಂಪು ತೋಳಿನ ಒಂದು ಕೈ ಹೊರಬಂದು, ಹಿಂದಕ್ಕೆ, ಕೊನೆಯ ಕಾರಿನ ಕಡೆಗೆ ಬೀಸತೊಡಗಿತು. ಶೌಲಿ ಹಗಲು ಬೆಳಕಿನಲ್ಲೇ ದೀಪ ಹಾಕಿದ, ಆರಿಸಿದ, ಮತ್ತೆ ಹಾಕಿದ.