ಸೊಲ್ಲು ಹಿಡಿಯುವವಳು

ಒಂದೇ ಬಗೆಯ ಹಾಡಿಗೆ ಹಿರಿಯೂರಿನವರು ‘ದೇವರ ಪದ’ ಎಂದು ಬರೆದಿದ್ದರು, ಹೊಸದುರ್ಗದವರು ‘ಹಟ್ಟಿ ಪದ’ ಎಂದು, ಹೊಳಲ್ಕೆರೆಯವರು ‘ಜನಪದ ಗೀತೆ’ ಎಂದು. ಚಿತ್ರದುರ್ಗದ ನಾವು ‘ಇತರೆ’ ಎಂದು ಬರೆದು ಕೈತೊಳೆದುಕೊಂಡಿದ್ದೆವು. ಹೀಗಾದರೆ ಕಂಪ್ಯೂಟರಿನಲ್ಲಿ ಯಾರು ಏನು ಹುಡುಕಿದರೂ ಸಿಗುವುದಿಲ್ಲ. ನಾಲ್ಕೂ ತಾಲ್ಲೂಕಿನ ಕಚೇರಿಗಳ ಧ್ವನಿಮುದ್ರಣಗಳನ್ನು ಒಂದೇ ಸಂಗ್ರಹಕ್ಕೆ ತಂದು, ಎಲ್ಲಕ್ಕೂ ಒಂದೇ ರೀತಿಯ ವಿವರ, ಒಂದೇ ವರ್ಗ ಕೊಡುವುದು ನನ್ನ ಕೆಲಸ. ಅದಕ್ಕಾಗಿ ನಡೆದ ಸಭೆಗಳಲ್ಲಿ ತಿಂದ ಮಂಡಕ್ಕಿ ಮಿರ್ಚಿಗೆ ಲೆಕ್ಕವಿಲ್ಲ, ಆಡಿದ ಜಗಳಕ್ಕೂ ಇಲ್ಲ. ಕೊನೆಗೆ ನಾಲ್ಕು ತಾಲ್ಲೂಕಿನವರೂ ಒಪ್ಪಿದರು. ನನಗೆ ಹೆಮ್ಮೆಯಿತ್ತು, ಮುಚ್ಚಿಡುವುದೇಕೆ.

ಹಾಗಾಗಿ ಹರಿಯಬ್ಬೆ ಕಡೆಯ ಹಟ್ಟಿಯಿಂದ ಪಾಲಣ್ಣ ತನ್ನ ಮಗಳು ನೇತ್ರಾವತಿಯ ಜೊತೆ ನಮ್ಮ ಕಚೇರಿಗೆ ಬಂದಾಗ ಖುಷಿಯಿಂದಲೇ ಕುರ್ಚಿ ಎಳೆದು ಕೊಟ್ಟೆ. ಕುರಿ ಕಾಯುವ ಮನುಷ್ಯ. ಹೆಗಲ ಮೇಲಿದ್ದ ಕಂಬಳಿಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಹೆಂಡತಿ ಜುಂಜಮ್ಮ ಹೋದ ವರ್ಷ ತೀರಿಕೊಂಡಿದ್ದಳು. ಆಕೆ ಫೋನು ಮುಟ್ಟಿದವಳಲ್ಲ. ನಮ್ಮ ಕಚೇರಿಯವರು ಹಟ್ಟಿಗೆ ಹೋಗಿ ಹಾಡು ರೆಕಾರ್ಡ್ ಮಾಡಿಕೊಂಡಿದ್ದು ಬಿಟ್ಟರೆ ಅವಳ ದನಿ ಇನ್ನೆಲ್ಲೂ ಇಲ್ಲ ಎಂದಳು ನೇತ್ರಾವತಿ. ಅಪ್ಪನ ಕಿವಿ ದಿನೇ ದಿನೇ ಮಂದವಾಗುತ್ತಿದೆಯಂತೆ. ಪೂರ್ತಿ ಹೋಗುವುದರೊಳಗೆ ಒಂದು ಸಲ ಅವಳ ದನಿ ಕೇಳಬೇಕೆಂದು ಹಟ ಹಿಡಿದು ಬಂದಿದ್ದ.

ಹೆಸರು ಟೈಪ್ ಮಾಡಿದ ತಕ್ಷಣ ಬಂತು. ಹಾಡಿದವರು: ಚಂದ್ರಕ್ಕ, ಜುಂಜಮ್ಮ. ಊರು ಸರಿ, ತಾಲ್ಲೂಕು ಸರಿ, ವರ್ಗ ಸರಿ. ಸ್ಥಿತಿ: ಪೂರ್ಣ. ಅಮ್ಮನ ಹೆಸರು ತೆರೆಯ ಮೇಲೆ ಕಂಡು ನೇತ್ರಾವತಿ ಅಪ್ಪನ ಮೊಣಕೈ ಹಿಡಿದುಕೊಂಡಳು. ನಾನು ಸ್ಪೀಕರಿನ ದನಿ ಪೂರ್ತಿ ಏರಿಸಿದೆ.

ಹಾಡು ಶುರುವಾಯಿತು. ಪಾಲಣ್ಣ ಮುಂದಕ್ಕೆ ಬಾಗಿ ಕೇಳಿದ. ಸಾಲಿನ ಮೇಲೆ ಸಾಲು ಬಂದು, ಹಾಡು ಮುಗಿದೂ ಹೋಯಿತು. ಅವನು ಇನ್ನೂ ಬಾಗಿಯೇ ಇದ್ದ.

“ಇದು ಚಂದ್ರಕ್ಕ ಕಣ್ರೀ ಮೇಡಂ. ನಮ್ಮೋಳು ಎಲ್ಲಿ?”

ಹೆಸರು ತೋರಿಸಿದೆ. ಅವನು ಅಲ್ಲವೆಂದು ತಲೆಯಾಡಿಸಿದ. ಹಟ್ಟಿಯಲ್ಲಿ ಈ ಪದವನ್ನು ಒಬ್ಬರೇ ಹಾಡುವ ಪದ್ಧತಿಯೇ ಇಲ್ಲವಂತೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಇನ್ನೊಬ್ಬಳು ಅದೇ ಸೊಲ್ಲನ್ನು ಹಿಡಿದು ಮತ್ತೆ ಹಾಡುತ್ತಾಳೆ. ಎತ್ತುವವಳು ಚಂದ್ರಕ್ಕ. ಹಿಡಿಯುವವಳು ಯಾವಾಗಲೂ ಜುಂಜಮ್ಮ.

“ಅವ್ಳು ಹಿಡಿಯಾ ಹೊತ್ನಾಗೆ ಚಂದ್ರಕ್ಕ ಉಸ್ರು ತಗಂತಿದ್ಲು” ಎಂದ ಪಾಲಣ್ಣ. “ಇದ್ರಾಗೆ ನೋಡ್ರಿ, ಉಸ್ರೇ ತಗಳದಂಗೆ ಹಾಡ್ತಾಳೆ.”

ಆಗ ನನಗೆ ಅರ್ಥವಾಯಿತು. ಒಂದೇ ಸಾಲು ಎರಡು ಸಲ ಬಂದರೆ ಎರಡನೆಯದನ್ನು ಕತ್ತರಿಸುವುದೆಂದು ನಾಲ್ಕೂ ತಾಲ್ಲೂಕು ಸೇರಿ ನಿಯಮ ಮಾಡಿಕೊಂಡಿದ್ದೆವು. ಹೇಳಿದವನು ಧ್ವನಿ ಶುದ್ಧಗೊಳಿಸುವ ನಿರಂಜನ್. ಜಾಗ ಉಳಿಯುತ್ತದೆ, ಬರೆದ ಸಾಹಿತ್ಯಕ್ಕೂ ಧ್ವನಿಗೂ ತಾಳೆಯಾಗುತ್ತದೆ ಎಂದಿದ್ದ. ವರ್ಷಗಟ್ಟಲೆ ಒಂದೊಂದು ಪದಕ್ಕೂ ಕಚ್ಚಾಡಿದ ನಾವು ಇದಕ್ಕೆ ಮಾತ್ರ ಎರಡು ಮಾತಿಲ್ಲದೆ ಒಪ್ಪಿದ್ದೆವು. ಅದೇ ಸಾಲು ತಾನೇ ಎಂದುಕೊಂಡೆವೇ ಹೊರತು, ಎರಡನೇ ಸಲ ಹಾಡುತ್ತಿರುವುದು ಬೇರೆ ಹೆಂಗಸು ಎಂಬುದು ಯಾರಿಗೂ ಹೊಳೆಯಲಿಲ್ಲ.

ನಿರಂಜನನಿಗೆ ಫೋನ್ ಮಾಡಿದೆ. ಮೂಲ ಧ್ವನಿಯಿದ್ದ ಮೆಮೊರಿ ಕಾರ್ಡುಗಳನ್ನೆಲ್ಲ ಅಳಿಸಿ, ಹೊಸ ರೆಕಾರ್ಡಿಂಗಿಗೆಂದು ಹೊಳಲ್ಕೆರೆಗೆ ಕಳಿಸಿಯಾಗಿದೆ ಎಂದ. ಬೇರೆ ಪ್ರತಿ ಇಲ್ಲ. ನಾನು ರೇಗಿದೆ.

“ಸಾಹಿತ್ಯ ಒಂದಕ್ಷರ ಬಿಟ್ಟಿಲ್ಲ ಮೇಡಂ, ಬೇಕಾದ್ರೆ ಚೆಕ್ ಮಾಡ್ರಿ” ಎಂದ ಅವನು.

ನಿಜ, ಒಂದಕ್ಷರವೂ ಬಿಟ್ಟಿರಲಿಲ್ಲ. ನನಗೆ ಅವನ ಮೇಲೂ ನನ್ನ ಮೇಲೂ ಹೇಸಿಗೆಯಾಯಿತು. ನೇತ್ರಾವತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ ಹೇಳಿದಳು. ಅವನು ಬೈದಿದ್ದರೆ ಚೆನ್ನಾಗಿತ್ತು. ಚಂದ್ರಕ್ಕನನ್ನು ಕರೆಸಿ ಮತ್ತೆ ಹಾಡಿಸಬಹುದೇ ಎಂದು ಕೇಳಿದೆ, ಏನೋ ಒಂದು ಕೇಳಬೇಕಲ್ಲ ಎಂದು. ಜುಂಜಮ್ಮ ಹೋದ ಮೇಲೆ ಅವಳು ಹಾಡುವುದನ್ನೇ ಬಿಟ್ಟಿದ್ದಾಳೆ, ಹಿಡಿಯುವವರಿಲ್ಲ ಎಂದಳು ನೇತ್ರಾವತಿ.

ಪಾಲಣ್ಣ ಸ್ಪೀಕರಿನ ಕಡೆ ಕೈ ತೋರಿಸಿ ಕೇಳಿದ.

“ಒಂದೊಂದ್ ಸೊಲ್ಲಿಗೂ ನಿಲ್ಲಿಸ್ತೀರೇನ್ರಿ? ನಾನು ಕೈ ಎತ್ತಿದ್ಮ್ಯಾಗೆ ಮುಂದ್ಕೆ ಬಿಡ್ರಿ.”

ಮೊದಲ ಸಾಲು ಮುಗಿಯುತ್ತಲೇ ನಿಲ್ಲಿಸಿದೆ. ಪಾಲಣ್ಣ ಕಣ್ಣು ಮುಚ್ಚಿಕೊಂಡಿದ್ದ. ತುಟಿ ಅಲ್ಲಾಡಲಿಲ್ಲ. ಜುಂಜಮ್ಮ ಆ ಸೊಲ್ಲು ಹಿಡಿದು ಹಾಡುವಷ್ಟು ಹೊತ್ತು ಹಾಗೇ ಕೂತು, ಆಮೇಲೆ ಕೈ ಎತ್ತಿದ. ಎರಡನೇ ಸಾಲು ಬಿಟ್ಟೆ, ನಿಲ್ಲಿಸಿದೆ. ಮತ್ತೆ ಅಷ್ಟೇ ಹೊತ್ತು, ಮತ್ತೆ ಕೈ. ನೇತ್ರಾವತಿ ಗೋಡೆಯ ಕಡೆ ತಿರುಗಿಕೊಂಡು ಅಳುತ್ತಿದ್ದಳು. ಹೀಗೇ ಪೂರ್ತಿ ಹಾಡು ನಡೆಯಿತು.

ಚಂದ್ರಕ್ಕನ ಕೊನೆಯ ಸಾಲೂ ಮುಗಿಯಿತು. ಪದದಲ್ಲಿ ಕೊನೆಯ ಸೊಲ್ಲು ಹಿಡಿಯುವವಳದು. ಅದಾದ ಮೇಲೆ ಮುಂದಕ್ಕೆ ಬಿಡಲು ನನ್ನ ಹತ್ತಿರ ಏನೂ ಇರಲಿಲ್ಲ. ಪಾಲಣ್ಣ ಕಣ್ಣು ಮುಚ್ಚಿಕೊಂಡೇ ಇದ್ದ, ಕೈ ಎತ್ತಲಿಲ್ಲ. ಮುಗಿಯಿತು ಎಂದು ಅವನಿಗೆ ಹೇಗೆ ಹೇಳುವುದೋ ತಿಳಿಯದೆ ನಾನು ಕೂತೇ ಇದ್ದೆ.