ಸ್ವರದ ತಲೆಯ ಮೇಲಿನ ಚುಕ್ಕೆ

ಹಾಲುಮಡ್ಡಿಯ ಹೊಗೆ ಮೂಗಿಗೆ ಬಂದಾಗ ದೇವಮ್ಮ ಇನ್ನೂ ಒಂದು ಕಾಲಿನ ಚಪ್ಪಲಿಯನ್ನಷ್ಟೇ ಕಳಚಿದ್ದರು. ಗುಂಡ್ಯದ ಕಾಡಿಗೆ ಕೆಲಸಕ್ಕೆ ಹೋಗುತ್ತಿದ್ದ ಅಪ್ಪ ಮುಂಡಾಸಿನ ತುದಿಯಲ್ಲಿ ಕಟ್ಟಿ ತರುತ್ತಿದ್ದ ಅಂಟಿನ ವಾಸನೆ ಅದು. ಕೆಂಡಕ್ಕೆ ಒಂದು ಚೂರು ಹಾಕಿದರೆ ಸಾಕು, ಮಕ್ಕಳೆಲ್ಲ ಒಲೆಯ ಸುತ್ತ ಸೇರುತ್ತಿದ್ದರು. ಇಲ್ಲಿ ಕೆಂಡವನ್ನು ಗೋದಾವರಿ ಟೀಚರ ತಲೆಯ ಬಳಿ ಇಟ್ಟಿದ್ದರು.

ಕಡಬ ಪೇಟೆಯ ಹಿಂದಿನ ಓಣಿಯ ಆ ಸಣ್ಣ ಮನೆಯಲ್ಲಿ ಟೀಚರ್ ನಲವತ್ತೊಂದು ವರ್ಷ ಸಂಗೀತ ಹೇಳಿಕೊಟ್ಟಿದ್ದರು. ಪಾಠಕ್ಕೆ ಚಾಪೆ ಹಾಸುತ್ತಿದ್ದ ಜಾಗದಲ್ಲೇ ಈಗ ಮಲಗಿದ್ದರು. ಅಂಗಳದಲ್ಲಿ ರಿಕ್ಷಾದ ಶೀನಪ್ಪ ಯಾರಿಗೋ ಹೇಳುತ್ತಿದ್ದ: "ಮೂವತ್ತು ವರ್ಷ ರಿಕ್ಷಾ ಬಿಟ್ಟೆ ಮಾರಾಯ್ರೆ. ನಿನ್ನ ಹಾರ್ನಿಗೆ ಶ್ರುತಿ ಇಲ್ಲ ಅಂತ ಬೈದವರು ಇವರೊಬ್ರೇ."

"ಮತ್ತೆ ನೀನು ಎಂತ ಮಾಡಿದೆ?"

"ಎಂತ ಮಾಡುದು? ಹಾರ್ನ್ ಬದಲಿಸಿದೆ."

ಟೀಚರ ತಮ್ಮ ಕೃಷ್ಣಮೋಹನ ಎದ್ದು ಬಂದರು. "ನಿನ್ನೆ ಸಂಜೆ ಕಾಪಿ ಕುಡಿದು ಗೋಡೆಗೆ ಒರಗಿದವಳು, ಅಷ್ಟೇ," ಎಂದರು. ಆಮೇಲೆ ದನಿ ತಗ್ಗಿಸಿ, "ಅಕ್ಕ ಮೊದಲೇ ಹೇಳಿಟ್ಟಿದ್ದಳು ದೇವಮ್ಮ. ಎತ್ತುವ ಮೊದಲು ನೀವು ಒಂದು ದೇವರನಾಮ ಹಾಡ್ಬೇಕಂತೆ. ಈಗ ಕಲಿಸ್ತಾ ಇದ್ದಳಲ್ಲ, ಅದೇ."

"ನಾನಾ? ಎಷ್ಟು ಜನ ಒಳ್ಳೆ ಹಾಡುವ ಮಕ್ಕಳಿದ್ದಾರೆ..."

"ದೇವಮ್ಮನೇ ಆಗ್ಬೇಕು ಅಂತ ಹೇಳಿದ್ದಳು."

ದೇವಮ್ಮ ಅಂಗನವಾಡಿ ಕೆಲಸದಿಂದ ನಿವೃತ್ತರಾದ ಮೇಲೆ ಕಲಿಯಲು ಬಂದವರು. ಪುಸ್ತಕ ನೋಡದೆ ಒಂದು ಚರಣ ದಾಟುವುದೂ ಅವರಿಂದಾಗದು. ಪುಸ್ತಕ ಸರಿಯಾಗಿ ಕಾಣುವುದು ನಿಂತೇ ಎರಡು ವರ್ಷವಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಮನೆಯಲ್ಲಿ ಹೇಳಿದರೆ ಕೋಡಿಂಬಾಳದಿಂದ ಒಬ್ಬರೇ ಬಸ್ಸು ಹತ್ತಲು ಬಿಡುವುದಿಲ್ಲ. ಆಮೇಲೆ ಗುರುವಾರದ ಪಾಠವೂ ಇಲ್ಲ. ಹಾಗಾಗಿ ಯಾರಿಗೂ ಹೇಳಿರಲಿಲ್ಲ, ಟೀಚರಿಗೂ.

* * *

ಎಂಟು ತಿಂಗಳ ಹಿಂದೆ ಒಂದು ಗುರುವಾರ ದೇವಮ್ಮ ಮೇಲಿನ ‘ಸ’ ಹಾಡಬೇಕಾದಲ್ಲಿ ಮೂರನೆಯ ಸಲವೂ ಕೆಳಗಿನ ‘ಸ’ ಹಾಡಿದ್ದರು. ಸ್ವರದ ತಲೆಯ ಮೇಲೆ ಚುಕ್ಕೆ ಇದ್ದರೆ ದನಿ ಏರಬೇಕು. ಟೀಚರ್ ಬೈಯಲಿಲ್ಲ. ತಾಳ ಹಾಕುತ್ತಿದ್ದ ಕೈಯನ್ನು ನಿಲ್ಲಿಸಿ, "ನನಗೆ ಕಣ್ಣು ಮಂಜು ಮಾರಾಯ್ತಿ. ಒಂದು ಟ್ಯಾಬ್ ತಗೊಳ್ಬೇಕು ಅಂತ ಉಂಟು. ಪುತ್ತೂರಿಗೆ ನನ್ನೊಟ್ಟಿಗೆ ಬರ್ತೀರಾ?" ಎಂದು ಕೇಳಿದರು.

ಪುತ್ತೂರಿನ ಆ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದವಳು ಹನಾನ್, ಓಣಿಯ ತಿರುವಿನಲ್ಲಿ ಬಟ್ಟೆ ಹೊಲಿಯುವ ರಸೀನಾಳ ಮಗಳು.

"ಇದ್ರಲ್ಲಿ ಕ್ಯಾಮೆರಾ ಒಳ್ಳೆದುಂಟು ಟೀಚರ್. ಗೇಮ್ ಸಹ ಆಡ್ಬಹುದು."

"ನಾನು ಯಾರೊಟ್ಟಿಗೆ ಆಡುದು? ನನಗೆ ಒಂದು ಪುಟ ಇಡೀ ಒಮ್ಮೆಗೇ ಕಾಣ್ಬೇಕು. ಬೆರಳಲ್ಲಿ ಎಳೀತಾ ಕೂತ್ರೆ ತಾಳ ಹಾಕುದು ಯಾರು, ನಿನ್ನ ಯಜಮಾನನಾ?"

ಟೀಚರ್ ತಮ್ಮ ಪುಸ್ತಕದ ಒಂದು ಪುಟದ ಫೋಟೋ ತೆಗೆಸಿ, ಒಂದೊಂದೇ ಟ್ಯಾಬಿನಲ್ಲಿ ಅದನ್ನು ತೆರೆಸಿದರು. ಎಲ್ಲಕ್ಕಿಂತ ದೊಡ್ಡದರ ಬೆಲೆ ಕೇಳಿ, "ಇದಕ್ಕೆ ಒಂದು ವೀಣೆ ಬರ್ತದೆ," ಎಂದು ಬದಿಗಿಟ್ಟರು. ಎಲ್ಲಕ್ಕಿಂತ ಅಗ್ಗದ ಎಂಟಿಂಚಿನದನ್ನು ದೇವಮ್ಮನ ಮುಂದೆ ಹಿಡಿದರು.

"ಈ ‘ಸ’ದ ತಲೆ ಮೇಲೆ ಚುಕ್ಕೆ ಉಂಟಾ?"

ದೇವಮ್ಮ ಅಂದಾಜಿನ ಮೇಲೆ, "ಇಲ್ಲ," ಎಂದರು.

"ಉಂಟಲ್ಲ..." ಎಂದು ಶುರು ಮಾಡಿದ ಹನಾನ್ ಅಲ್ಲಿಗೇ ಸುಮ್ಮನಾದಳು. ಯಾಕೆಂದು ದೇವಮ್ಮ ಆಗ ಯೋಚಿಸಲಿಲ್ಲ.

ಮುಂದಿನದು ಹತ್ತಿಂಚಿನದು, ಹಳೆಯ ಮಾಡೆಲ್ ಎಂದು ಬೆಲೆ ಇಳಿಸಿದ್ದು. ಟೀಚರ್ ಅದನ್ನು ಅಂಗಡಿಯ ಬಾಗಿಲಿಗೆ ತಂದು, ಬಿಸಿಲಿಗೆ ಬೆನ್ನು ಕೊಟ್ಟು ನಿಂತು, ಅದೇ ಪ್ರಶ್ನೆ ಕೇಳಿದರು.

"ಉಂಟು ಟೀಚರ್. ಸಣ್ಣದು. ಆದ್ರೆ ಉಂಟು."

"ಹಾಗಾದ್ರೆ ಇದೇ ಕಟ್ಟು ಹನಾನ್. ದೇವಮ್ಮನಿಗೆ ಮಾತ್ರೆಯ ಹೊತ್ತಾಯ್ತು, ಮೊದಲು ಊಟ."

ಅದು ಅವರ ಯಾವತ್ತಿನ ಕ್ರಮ. ಪಾಠದ ದಿನವೂ ಮೊದಲು ಗಂಜಿಯ ಬಟ್ಟಲು, ಆಮೇಲೆ ಶ್ರುತಿಪೆಟ್ಟಿಗೆ. ಹೊಟ್ಟೆ ಖಾಲಿ ಇದ್ದರೆ ಸ್ವರ ಏರುದಿಲ್ಲ ಎನ್ನುತ್ತಿದ್ದರು. ಮುಂದಿನ ವಾರದಿಂದ ಟ್ಯಾಬು ಇಬ್ಬರ ನಡುವೆ ಚಾಪೆಯ ಮೇಲೆ ಇರುತ್ತಿತ್ತು. ಅದರಲ್ಲಿ ಅಕ್ಷರಗಳು ದಪ್ಪ, ಚುಕ್ಕೆಗಳು ಕೆಂಪು. ಟೀಚರ ಕಣ್ಣಿಗಾಗಿ ಮಾಡಿದ್ದು ತನಗೂ ಒದಗಿತಲ್ಲ ಎಂದು ದೇವಮ್ಮ ಒಳಗೊಳಗೇ ಸಮಾಧಾನಪಟ್ಟಿದ್ದರು.

* * *

ಕೃಷ್ಣಮೋಹನ ಕಪಾಟಿನಿಂದ ಹಳೆಯ ಬೈಂಡಿನ ಪುಸ್ತಕ ತಂದು ದೇವಮ್ಮನ ಕೈಗೆ ಕೊಟ್ಟರು. ದೇವಮ್ಮ ತೆರೆದರು. ಪುಟದ ತುಂಬ ಬೂದಿ ಬಣ್ಣದ ಸಾಲುಗಳು. ಪುರೋಹಿತರು ಗಡಿಯಾರ ನೋಡಿದರು.

"ಟೀಚರ ಟ್ಯಾಬ್ ಇದ್ರೆ..." ಎಂದರು ದೇವಮ್ಮ. "ಅವರ ಕಣ್ಣಿಗೆ ಅಂತ ತಂದದ್ದು."

"ಅಕ್ಕನ ಕಣ್ಣಿಗಾ?" ಕೃಷ್ಣಮೋಹನರ ಹುಬ್ಬು ಮೇಲೇರಿತು. "ಅವಳ ಕಣ್ಣಿಗೆ ಎಂತ ಆಗಿತ್ತು? ಆಪರೇಷನ್ ಆದ ಮೇಲೆ ಕನ್ನಡಕವೇ ಬೇಡ ಅಂತಿದ್ದಳು."

ಬಾಗಿಲ ಹೊರಗೆ ನಿಂತಿದ್ದ ರಸೀನಾ, "ಮೊನ್ನೆಯವರೆಗೆ ನನ್ನ ಸೂಜಿಗೆ ನೂಲು ಹಾಕಿ ಕೊಟ್ಟದ್ದು ಟೀಚರೇ," ಎಂದಳು, ಯಾರಿಗೆಂದಲ್ಲದೆ.

ಅಷ್ಟರಲ್ಲಿ ಕೃಷ್ಣಮೋಹನರ ಮಗಳು ಸಮನ್ವಿತಾ ಟ್ಯಾಬು ಹಿಡಿದು ದೇವಮ್ಮನ ಪಕ್ಕ ಬಂದು ಕೂತಳು. ಪುಟ ತೆರೆದೇ ಇತ್ತು.

"ಕೊನೆಯ ಚರಣ ಅತ್ತೆ ಮಂಗಳವಾರ ಬರೆದು ಮುಗಿಸಿದ್ದು ಅಜ್ಜಿ. ಎಲ್ಲ ಹಾಡನ್ನೂ ದೊಡ್ಡ ಡ್ರಾಯಿಂಗ್ ಪುಸ್ತಕದಲ್ಲಿ ಪುನಃ ಬರೆದು ನನ್ನತ್ರ ಫೋಟೋ ತೆಗೆಸ್ತಿದ್ರು. ನೀವು ಹಾಡಿ, ಪುಟ ನಾನು ತಿರುಗಿಸ್ತೇನೆ."

ಪುಟದ ತಲೆಯಲ್ಲಿ ದಪ್ಪ ಅಕ್ಷರದಲ್ಲಿ ‘ದೇವಮ್ಮನವರದು’ ಎಂದಿತ್ತು. ಪಾಠದ ಹೊತ್ತಿನಲ್ಲಿ ಆ ಜಾಗದ ಮೇಲೆ ಯಾವಾಗಲೂ ಟೀಚರ ಹೆಬ್ಬೆರಳು ಇರುತ್ತಿದ್ದುದು ದೇವಮ್ಮನಿಗೆ ನೆನಪಾಯಿತು.

ಅವರು ಹಾಡಿದರು. ಕೊನೆಯ ಚರಣದ ‘ಸ’ದ ಮೇಲೆ ಕುಂಕುಮದ ಬೊಟ್ಟಿನಷ್ಟು ದೊಡ್ಡ ಚುಕ್ಕೆ ಇತ್ತು. ದನಿ ಅಲ್ಲಿಗೆ ಏರಿತು, ನಡುವೆ ಒಡೆಯಿತು. ದೇವಮ್ಮ ನಿಲ್ಲಿಸಲಿಲ್ಲ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು.

ಗಂಡಸರು ಹೆಣವನ್ನು ಹೊತ್ತು ಹೊರಟ ಮೇಲೆ ಹೆಂಗಸರು ನೆಲ ತೊಳೆಯತೊಡಗಿದರು. ಸಮನ್ವಿತಾ ಟ್ಯಾಬನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಿ, ಚಾರ್ಜರನ್ನೂ ಇಟ್ಟು, ದೇವಮ್ಮನ ಹೆಗಲಿಗೆ ತೂಗಿಸಿದಳು. ಕೋಡಿಂಬಾಳದ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಓಣಿಯ ತಿರುವಿನವರೆಗೆ ಬರುವಷ್ಟರಲ್ಲಿ ದೇವಮ್ಮನ ಮಾತ್ರೆಯ ಹೊತ್ತು ದಾಟಿತ್ತು.

ರಸೀನಾ ಅಂಗಡಿಯ ಬೆಂಚಿನ ಮೇಲಿದ್ದ ಬಟ್ಟೆಯ ರಾಶಿಯನ್ನು ಸರಿಸಿದಳು. ಚೆಂಬಿನಲ್ಲಿ ನೀರು ತಂದು ಕೈಗೆ ಹೊಯ್ದಳು.

"ಮಿಂದು ಉಣ್ಬೇಕಲ್ಲ ಮಗಾ, ಸಾವಿನ ಮನೆಯಿಂದ ಬಂದದ್ದು," ಎಂದರು ದೇವಮ್ಮ.

"ಮಿಂದು ಉಣ್ಣುವಾಗ ಮೂರು ಗಂಟೆ ಆಗ್ತದೆ. ಮಾತ್ರೆಗೆ ಅದೆಲ್ಲ ಗೊತ್ತುಂಟಾ? ಇವತ್ತು ಗುರುವಾರ ಬೇರೆ, ಮೊದಲು ಬಟ್ಟಲು."

ರಸೀನಾ ಒಳಗಿನಿಂದ ಸ್ಟೀಲಿನ ಬಟ್ಟಲು ತಂದು ದೇವಮ್ಮನ ಮಡಿಲಲ್ಲಿಟ್ಟಳು. ಚಮಚವನ್ನು ಅವರ ಬೆರಳುಗಳ ನಡುವೆ ಸಿಕ್ಕಿಸಿದಳು.

"ಗಂಜಿ," ಎಂದಳು ಮೆಲ್ಲಗೆ. "ಬಲಗಡೆ ಉಪ್ಪಿನಕಾಯಿ ಉಂಟು. ಎಡಗಡೆ ಹುರುಳಿ ಚಟ್ನಿ."